ಅಪ್ಪುವನ್ನು ಶಾಲೆಯಲ್ಲಿ ಕೂರಿಸಲು ನಾವು ಓಡಾಡಿದ್ದು

ಹೋದ ತಿಂಗಳು ಪೋಸ್ಟ್‌ಮ್ಯಾನ್ ಒಂದು ಕವರ್ ಕೊಟ್ಟು ಹೋದರು. ಒಳಗೆ ನನ್ನ ಮಗ ಅಪ್ಪುವಿನ ಯುಡಿಐಡಿ ಕಾರ್ಡು, ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ. ಹಳದಿ ಪಟ್ಟಿ, ಪಕ್ಕದಲ್ಲಿ ಅವನ ಫೋಟೋ. ಫೋಟೋದಲ್ಲಿ ಅವನ ಕಣ್ಣು ಕ್ಯಾಮೆರಾ ಕಡೆ ಇಲ್ಲ, ಮೇಲಿದೆ. ಸ್ಟುಡಿಯೋದ ಫ್ಯಾನ್ ನೋಡುತ್ತಿದ್ದಾನೆ. ಆ ಒಂದು ಫೋಟೋಗೆ ಮುಕ್ಕಾಲು ಗಂಟೆ ಹಿಡಿದಿತ್ತು. ಕೊನೆಗೆ ಫೋಟೋಗ್ರಾಫರ್ ಅಣ್ಣ, "ಇಷ್ಟ ಆಗೋದು ಬಿಡ್ರಿ ಯಕ್ಕಾ" ಅಂದು ಕೈಮುಗಿದಿದ್ದರು.

ಅಪ್ಪುಗೆ ಆಟಿಸಂ ಇದೆ. ಮೊದಲ ಅನುಮಾನ ಬಂದ ದಿನದಿಂದ ಈ ಕಾರ್ಡು ಕೈಗೆ ಬರುವವರೆಗೆ ಹತ್ತಿರ ಹತ್ತಿರ ಐದು ವರ್ಷ. ಅದರಲ್ಲಿ ಅರ್ಧ ನಮಗೆ ಗೊತ್ತಿಲ್ಲದೆ ಹೋದದ್ದು. ಗೊತ್ತಿದ್ದವರು ಯಾರಾದರೂ ಹೇಳಿದ್ದರೆ ಎರಡು ವರ್ಷವಾದರೂ ಉಳಿಯುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ನಾವಿರುವುದು ಗಂಗಾವತಿ ಹತ್ತಿರದ ಒಂದು ಹಳ್ಳಿ. ನನ್ನ ಯಜಮಾನರು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಾರೆ. ಅಪ್ಪುಗೆ ಈಗ ಏಳೂವರೆ.

ಅವನಿಗೆ ಎರಡೂವರೆ ಆದಾಗ ಅಂಗನವಾಡಿ ಟೀಚರ್ ಮೊದಲು ಹೇಳಿದ್ದು. "ಯಕ್ಕಾ, ಹೆಸರು ಹಿಡಿದು ಕರದ್ರ ತಿರುಗಂಗಿಲ್ಲ ನೋಡ್ರಿ. ಆದ್ರ ಬಿಸ್ಕಿಟ್ ಪಾಕೀಟ್ ಸಪ್ಪಳಾದ್ರ ಎಲ್ಲಿದ್ರೂ ಓಡಿ ಬರ್ತಾನ." ನನಗೆ ಸಿಟ್ಟು ಬಂತು. ನನ್ನ ಮಗನ ಮೇಲೆ ಇವರ ಕಣ್ಣು ಯಾಕೆ ಅಂತ. ಮನೆಗೆ ಬಂದು ಅತ್ತೆಗೆ ಹೇಳಿದರೆ ಅವರು ನಕ್ಕರು. "ಏ ಬಿಡವ್ವಾ, ನಿನ್ನ ಗಂಡನೂ ಮೂರು ವರ್ಷದ ತನಾ ಬಾಯಿ ಬಿಟ್ಟಿದ್ದಿಲ್ಲ. ಈಗ ಸುಮ್ನಿರು ಅಂದ್ರೂ ಇರಂಗಿಲ್ಲ." ಆ ಮಾತು ಹಿಡಿದುಕೊಂಡು ಒಂದು ವರ್ಷ ಕಳೆದೆವು.

ಈಗ ತಿರುಗಿ ನೋಡಿದರೆ ಎಲ್ಲ ಕಣ್ಣೆದುರೇ ಇತ್ತು. ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಿರಲಿಲ್ಲ, ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಡಬ್ಬಿಯ ಮೇಲೆ ಇಡುತ್ತಿದ್ದ. ಆಟದ ಲಾರಿ ಕೊಟ್ಟರೆ ಓಡಿಸುತ್ತಿರಲಿಲ್ಲ, ಮಗುಚಿ ಹಾಕಿ ಒಂದೇ ಗಾಲಿ ತಿರುಗಿಸುತ್ತಿದ್ದ. ಬೆಂಕಿಪೊಟ್ಟಣ ಸಿಕ್ಕರೆ ಅಡುಗೆಮನೆಯಿಂದ ಪಡಸಾಲೆ ತನಕ ಸಾಲು. ನಡುವಿನ ಒಂದು ಸರಿದರೆ ಅರ್ಧ ತಾಸು ಅಳು. ನಾವು "ಎಷ್ಟು ನೀಟು ನೋಡು ನಮ್ಮ ಹುಡುಗ" ಅಂತ ನೆಂಟರಿಗೆ ಫೋಟೋ ಕಳಿಸುತ್ತಿದ್ದೆವು.

ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಆರ್‌ಬಿಎಸ್‌ಕೆ ತಂಡ ಬರುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಾಕ್ಟರು, ನರ್ಸು ಜೀಪಿನಲ್ಲಿ ಬಂದು ಮಕ್ಕಳನ್ನು ನೋಡಿ ಹೋಗುತ್ತಾರೆ. ತೂಕ ನೋಡುವುದಕ್ಕೆ ಬರುತ್ತಾರೆ ಅಂತಲೇ ನಾವೆಲ್ಲ ತಿಳಿದಿದ್ದೆವು. ಬೆಳವಣಿಗೆಯಲ್ಲಿ ಹಿಂದಿರುವ ಮಕ್ಕಳನ್ನು ಗುರುತಿಸಿ ಚೀಟಿ ಬರೆದು ಕಳಿಸುವುದೂ ಅವರದೇ ಕೆಲಸ. ನಮಗೂ ಚೀಟಿ ಕೊಟ್ಟಿದ್ದರು. ನಾನು ಅದನ್ನು ದೇವರ ಮನೆಯ ಪಂಚಾಂಗದೊಳಗೆ ಇಟ್ಟು ಮರೆತೆ. ನಿಮಗೆ ಅಂಥ ಚೀಟಿ ಸಿಕ್ಕರೆ ಅದೇ ವಾರ ಹೋಗಿ. ಅಷ್ಟೇ ಹೇಳುತ್ತೇನೆ.

ನಾವು ಹೋಗಿದ್ದು ಖಾಸಗಿ ಡಾಕ್ಟರ ಹತ್ತಿರ. ಒಬ್ಬರು ಕಿವಿ ನೋಡಿಸಿ ಅಂದರು. ಮಗುವನ್ನು ಮಲಗಿಸಿ, ತಲೆಗೆ ವೈರು ಅಂಟಿಸಿ ಮಾಡುವ ಪರೀಕ್ಷೆ, ಬೆರಾ ಅನ್ನುತ್ತಾರೆ. ಮಲಗಿಸಲಿಕ್ಕೇ ಎರಡು ದಿನ ಬೇಕಾಯಿತು. ಕಿವಿ ಚೆನ್ನಾಗಿದೆ ಅಂತ ಬಂತು. ನಾನು ಖುಷಿಯಿಂದ ಪೇಢೆ ತಂದು ಹಂಚಿದೆ. ಯಜಮಾನರು ಮಾತ್ರ ತಿನ್ನಲಿಲ್ಲ. "ಕಿವಿ ಚಲೋ ಐತಿ ಅಂದ್ರ ಮತ್ತ ಯಾಕ ಕೇಳವಲ್ಲ ಅವಾ?" ಅಂದರು. ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡೇ ಮೈಸೂರಿಗೆ ಹೋದೆವು.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕೇಂದ್ರ ಸರ್ಕಾರದ್ದು. ಎಲ್ಲರೂ 'ಆಯಿಷ್' ಅನ್ನುತ್ತಾರೆ, ಆಟೋದವರಿಗೆ ಅಷ್ಟು ಹೇಳಿದರೆ ಸಾಕು. ನಮ್ಮ ಕಡೆಯವರಿಗೆ ಒಂದು ಅನುಕೂಲ ಇದೆ: ಹುಬ್ಬಳ್ಳಿಯಿಂದ ಹೊರಡುವ ಹಂಪಿ ಎಕ್ಸ್‌ಪ್ರೆಸ್ ಕೊಪ್ಪಳ, ಹೊಸಪೇಟೆ, ಬಳ್ಳಾರಿ ಮೇಲೆ ಹೋಗಿ ಮೈಸೂರಿಗೇ ಮುಟ್ಟುತ್ತದೆ. ಬೆಂಗಳೂರಲ್ಲಿ ಗಾಡಿ ಬದಲಿಸುವ ತಾಪತ್ರಯ ಇಲ್ಲ. ಇಂಥ ಮಗುವನ್ನು ಕಟ್ಟಿಕೊಂಡು ಮೆಜೆಸ್ಟಿಕ್ಕಿನಲ್ಲಿ ಇಳಿದು ಹತ್ತುವುದು ನೆನೆಸಿಕೊಂಡರೆ ಆ ಒಂದು ಅನುಕೂಲವೇ ದೊಡ್ಡದು. ಇಡೀ ರಾತ್ರಿ ಅಪ್ಪು ಮೇಲಿನ ಬರ್ತಿನಲ್ಲಿ ಮಲಗಿ ಬೋಗಿಯ ಮೂರು ಫ್ಯಾನ್ ನೋಡಿದ. ಅಷ್ಟು ಶಾಂತವಾಗಿ ಅವನು ಎಲ್ಲೂ ಇದ್ದಿದ್ದೇ ಇಲ್ಲ.

ಅಲ್ಲಿ ಒಂದೇ ದಿನಕ್ಕೆ ಮುಗಿಯಲ್ಲ. ಮಾತಿನ ತಜ್ಞರು ಒಂದು ದಿನ, ಮನಃಶಾಸ್ತ್ರಜ್ಞರು ಮತ್ತೊಂದು ದಿನ, ಕಿವಿ ಮತ್ತೆ. ನಮಗೆ ನಾಲ್ಕು ದಿನ ಆಯಿತು. ಪರೀಕ್ಷೆಗೆ ಹೆಚ್ಚು ಖರ್ಚಾಗಲಿಲ್ಲ. ಲಾಡ್ಜು, ಊಟ, ಆಟೋ, ರೈಲು ಎಲ್ಲ ಸೇರಿ ಒಂಬತ್ತು ಸಾವಿರ ಹೋಯಿತು. ಗಿರಣಿಯಲ್ಲಿ ಅಷ್ಟು ದಿನದ ಸಂಬಳವೂ ಹೋಯಿತು. ಹೋಗುವವರು ಮಗು ಮಾಡುವುದನ್ನೆಲ್ಲ ಮೊಬೈಲಿನಲ್ಲಿ ವಿಡಿಯೋ ತೆಗೆದುಕೊಂಡು ಹೋಗಿ. ಹೊಸ ಜಾಗಕ್ಕೆ ಹೋದರೆ ಇವರು ಮನೆಯಲ್ಲಿ ಮಾಡುವುದು ಯಾವುದನ್ನೂ ಮಾಡಲ್ಲ. ನಮ್ಮವನು ಮೊದಲ ದಿನ ಮೇಜಿನ ಕೆಳಗೆ ಕೂತವನು ಮೇಲೇಳಲೇ ಇಲ್ಲ.

ನಾಲ್ಕನೇ ದಿನ ಕೂರಿಸಿಕೊಂಡು ಹೇಳಿದರು. ಆಟಿಸಂ. ಕನ್ನಡದ ಫಾರಂಗಳಲ್ಲಿ 'ಸ್ವಲೀನತೆ' ಅಂತ ಇರುತ್ತದೆ, ಎರಡೂ ಒಂದೇ. ಯಜಮಾನರು ಕೇಳಿದರು, "ಇದಕ್ಕ ಗುಳಗಿ ಏನರ ಐತೇನ್ರಿ?" ಆ ಮೇಡಂ ನಿಧಾನವಾಗಿ, "ಇಲ್ಲ ಸರ್. ಇದು ಬಂದು ಹೋಗೋ ಕಾಯಿಲೆ ಥರ ಅಲ್ಲ. ಅವನ ಮೆದುಳು ಬೆಳೆಯೋ ರೀತಿನೇ ಸ್ವಲ್ಪ ಬೇರೆ. ಕಲಿಸೋದನ್ನ ಕಲಿಸ್ತಾ ಹೋಗಬೇಕು" ಅಂದರು. ನಾನು ಕೇಳಿದ್ದು ಒಂದೇ, "ನಾನು ಬಸುರಿದ್ದಾಗ ಏನಾದ್ರೂ ತಪ್ಪು ಮಾಡಿದ್ನಾ?" ಇಲ್ಲ ಅಂದರು. ಎರಡು ಸಲ ಇಲ್ಲ ಅಂದರು. ವಾಪಸ್ ಬರುವಾಗ ರೈಲಿನಲ್ಲಿ ನಾವಿಬ್ಬರೂ ಮಾತಾಡಲಿಲ್ಲ.

ಊರಿಗೆ ಬಂದ ಮೇಲೆ ಸಲಹೆಗಳ ಸುರಿಮಳೆ. ಮೊಬೈಲ್ ಕೊಟ್ಟಿದ್ದಕ್ಕೆ ಹಿಂಗಾಯ್ತು ಅಂದವರು ಕೆಲವರು. ಯಂತ್ರ ಕಟ್ಟಿಸಿ ಅಂದವರು ಕೆಲವರು. ಯಜಮಾನರ ಗೆಳೆಯರೊಬ್ಬರು ಸ್ಟೆಮ್ ಸೆಲ್ ಹಾಕಿದರೆ ನೂರಕ್ಕೆ ನೂರು ಗುಣ ಅಂತ ಒಂದು ವಿಡಿಯೋ ಕಳಿಸಿದರು. ಫೋನ್ ಮಾಡಿದರೆ ಲಕ್ಷಗಟ್ಟಲೆ ಲೆಕ್ಕ. ನಾವು ಎರಡು ಎಕರೆಯಲ್ಲಿ ಒಂದೆಕರೆ ಮಾರೋಣ ಅನ್ನುವ ತನಕ ಹೋಗಿದ್ದೆವು. ಮೈಸೂರಿಗೆ ಫೋನ್ ಮಾಡಿ ಕೇಳಿದ್ದಕ್ಕೆ ಉಳಿಯಿತು. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ ಶಿಫಾರಸು ಮಾಡಿಲ್ಲ. ಯಾರಾದರೂ "ಪೂರ್ತಿ ಗುಣ" ಅಂದರೆ ಅಲ್ಲಿಂದ ಎದ್ದು ಬನ್ನಿ.

ನಾಲ್ಕೂವರೆಗೆ ಎಲ್‌ಕೆಜಿ. ಒಂದು ಖಾಸಗಿ ಶಾಲೆ, ಹೆಸರು ಬೇಡ. ಆಟಿಸಂ ಇದೆ ಅಂತ ಹೇಳದೆ ಸೇರಿಸಿದೆವು. ಅದು ನಮ್ಮ ತಪ್ಪು. ಹೇಳಿದರೆ ಸೀಟು ಕೊಡಲ್ಲ ಅನ್ನುವ ಭಯ. ಎರಡು ತಿಂಗಳಾದ ಮೇಲೆ ಕರೆಸಿದರು. "ಬ್ಯಾರೆ ಮಕ್ಕಳ ತಂದೆ ತಾಯಿ ಕಂಪ್ಲೇಂಟ್ ಮಾಡಾಕತ್ತಾರ್ರಿ. ಇಂಥಾ ಮಕ್ಕಳಿಗೆ ಬ್ಯಾರೆ ಸಾಲಿ ಇರ್ತಾವಲ್ರಿ" ಅಂದರು. ಕಟ್ಟಿದ ಹನ್ನೆರಡು ಸಾವಿರದಲ್ಲಿ ಒಂದು ರೂಪಾಯಿ ವಾಪಸ್ ಬರಲಿಲ್ಲ. ಆಗ ನನಗೆ ಗೊತ್ತಿರಲಿಲ್ಲ, ಈಗ ಗೊತ್ತು: 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಗುರುತಿಸಿರುವ 21 ವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಸರ್ಕಾರದ ಅನುದಾನ ಇರುವ ಅಥವಾ ಮಾನ್ಯತೆ ಪಡೆದ ಶಾಲೆ ತಾರತಮ್ಯ ಮಾಡದೆ ಸೇರಿಸಿಕೊಳ್ಳಬೇಕು. ಶೇಕಡ 40 ಅಥವಾ ಅದಕ್ಕಿಂತ ಜಾಸ್ತಿ ವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ, ಅದೂ ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ, ಆಯ್ಕೆ ಮಗುವಿನ ಕಡೆಯವರದ್ದು. ಜಗಳಕ್ಕೆ ಹೋಗಬಹುದಿತ್ತು. ಜಗಳ ಮಾಡಿ ಅಲ್ಲೇ ಬಿಟ್ಟರೆ ಮಗುವನ್ನು ಹೇಗೆ ನೋಡಿಕೊಳ್ಳುತ್ತಾರೆ? ಕರೆದುಕೊಂಡು ಬಂದೆವು.

ಒಂದು ವರ್ಷ ಮನೆಯಲ್ಲೇ. ವಾರಕ್ಕೆರಡು ಸಲ ಹೊಸಪೇಟೆಗೆ ಮಾತಿನ ಥೆರಪಿಗೆ. ಒಂದು ಸಲಕ್ಕೆ 400 ರೂಪಾಯಿ. ಶಕ್ತಿ ಯೋಜನೆ ಇದ್ದಿದ್ದರಿಂದ ನನಗೆ ಬಸ್ ಟಿಕೆಟ್ ಇರಲಿಲ್ಲ, ಅಷ್ಟು ಉಳಿಯಿತು. ಅಪ್ಪು ಮೊದಲ ಸಲ 'ನೀರು' ಅಂದದ್ದು ಆ ಬಸ್ಸಿನಲ್ಲೇ. ನೀರು ಬೇಕು ಅಂತಲ್ಲ, ಕಿಟಕಿಯಿಂದ ತುಂಗಭದ್ರಾ ಡ್ಯಾಮಿನ ಹಿನ್ನೀರು ಕಂಡು. ಪಕ್ಕದ ಸೀಟಿನವರು ನಾನು ಯಾಕೆ ಅಳುತ್ತಿದ್ದೇನೆ ಅಂತ ಕೇಳಿದರು. ಏನು ಹೇಳುವುದು?

ಆರು ವರ್ಷಕ್ಕೆ ನಮ್ಮೂರ ಸರ್ಕಾರಿ ಶಾಲೆಗೆ ಹೋದೆವು. ಈ ಸಲ ಮೈಸೂರಿನ ವರದಿ ಮೊದಲೇ ಮೇಜಿನ ಮೇಲಿಟ್ಟೆವು. ಹೆಡ್‌ಮಾಸ್ಟರು ವರದಿ ನೋಡಿ, "ಸೇರಿಸ್ಕೋತೀನ್ರಿ. ಆದ್ರ ಯುಡಿಐಡಿ ಮಾಡಸ್ರಿ. ಅದಿಲ್ಲಾಂದ್ರ ಮೇಲಿಂದ ಏನೂ ಬರಂಗಿಲ್ಲ" ಅಂದರು. ಅಲ್ಲಿಂದ ಶುರುವಾಯಿತು ಕಾರ್ಡಿನ ಕಥೆ.

ಅರ್ಜಿ ಸ್ವಾವಲಂಬನ್ ಅನ್ನುವ ವೆಬ್‌ಸೈಟಿನಲ್ಲಿ. ಸರ್ಕಾರಕ್ಕೆ ಏನೂ ಕಟ್ಟುವುದಿಲ್ಲ. ಸೈಬರ್ ಸೆಂಟರಿನವರು 150 ತಗೊಂಡರು. ಮಗುವಿನ ಆಧಾರ್, ಫೋಟೋ, ವಿಳಾಸದ ದಾಖಲೆ, ಇದ್ದಷ್ಟು ವೈದ್ಯಕೀಯ ಕಾಗದ. ಮೊದಲ ದಿನವೇ ಮುಗ್ಗರಿಸಿದೆವು. ಅಪ್ಪುವಿನ ಆಧಾರ್ ಇನ್ನೂ ನೀಲಿ ಬಣ್ಣದ್ದು, ಹುಟ್ಟಿದಾಗ ಮಾಡಿಸಿದ್ದು. 5 ತುಂಬಿದ ಮೇಲೆ ಬೆರಳಚ್ಚು, ಕಣ್ಣಿನ ಗುರುತು ಕೊಟ್ಟು ಅಪ್‌ಡೇಟ್ ಮಾಡಿಸಬೇಕು. ಜೊತೆಗೆ ಅದರಲ್ಲಿ ಅವನ ಹೆಸರಿನ ಮುಂದೆ ಇನಿಷಿಯಲ್ ಇಲ್ಲ, ಜನನ ಪ್ರಮಾಣಪತ್ರದಲ್ಲಿ ಇದೆ.

ಬೇರೆ ಮಕ್ಕಳಿಗೆ ಐದು ನಿಮಿಷದ ಕೆಲಸ ಅದು. ನಮಗೆ ಎರಡು ಸೋಲು. ಬೆರಳನ್ನು ಯಾರೋ ಹಿಡಿದು ಗಾಜಿನ ಮೇಲೆ ಒತ್ತುವುದು ಅವನಿಗೆ ಆಗದು. ಕಣ್ಣಿಗೆ ಹಿಡಿಯುವ ಆ ಕಪ್ಪು ಯಂತ್ರವಂತೂ ದೂರದ ಮಾತು. ಎರಡನೇ ಸಲ ಅವನು ಯಂತ್ರವನ್ನೇ ಕೆಳಗೆ ಬೀಳಿಸುತ್ತಿದ್ದ, ಯಜಮಾನರು ಹಿಡಿದರು. ಆಪರೇಟರ್ ಹುಡುಗನ ಮುಖ ಸಣ್ಣಗಾಯಿತು.

ಆಮೇಲೆ ನಾವು ಮನೆಯಲ್ಲಿ ಆಟ ಕಟ್ಟಿದೆವು. ಗವಿಮಠದ ಜಾತ್ರೆಯಲ್ಲಿ ತಂದ ಪ್ಲಾಸ್ಟಿಕ್ ದುರ್ಬೀನು ಇತ್ತು. ದಿನಾ ಸಂಜೆ ಒಂದು, ಎರಡು, ಮೂರು ಎಣಿಸಿ ಕಣ್ಣಿಗಿಟ್ಟು ತೆಗೆಯುವುದು. ಮೊದಲು ನಾನು, ಆಮೇಲೆ ಅವರಪ್ಪ, ಆಮೇಲೆ ಅವನು. ಬೆರಳಿಗೆ ಸ್ಟೀಲ್ ತಟ್ಟೆ. ಎಡಗೈ ನಾಲ್ಕು ಬೆರಳು, ಬಲಗೈ ನಾಲ್ಕು ಬೆರಳು, ಕೊನೆಗೆ ಎರಡೂ ಹೆಬ್ಬೆರಳು. ಮೂರು ವಾರ. ಮೂರನೇ ಸಲ ಹೋದಾಗ ಆಪರೇಟರಿಗೆ ಮೊದಲೇ ಹೇಳಿದ್ದೆವು, ಜನ ಇಲ್ಲದ ಹೊತ್ತು, ಮುಟ್ಟಬೇಡಿ, ನೀವು ಮೂರು ಎಣಿಸಿ ಸಾಕು ಅಂತ. ನಾಲ್ಕು ನಿಮಿಷದಲ್ಲಿ ಮುಗಿಯಿತು. ಆ ಹುಡುಗ ಚಪ್ಪಾಳೆ ತಟ್ಟಲು ಹೋದ, ನಾನು ಕೈ ಹಿಡಿದು ನಿಲ್ಲಿಸಿದೆ. ಚಪ್ಪಾಳೆ ಅಂದರೆ ಅವನಿಗೆ ಆಗಲ್ಲ.

ಇನ್ನು ಮೆಡಿಕಲ್ ಬೋರ್ಡು, ಅಂದರೆ ವೈಕಲ್ಯ ಎಷ್ಟು ಅಂತ ನೋಡಿ ಹೇಳುವ ಡಾಕ್ಟರ ತಂಡ. ನಾವು ನಮ್ಮ ಜಿಲ್ಲೆಯಲ್ಲೇ ತೋರಿಸಿದೆವು. ಮೈಸೂರಿನ ವರದಿ ಇದ್ದರೂ ಇಲ್ಲಿ ಮತ್ತೆ ನೋಡುತ್ತಾರೆ. ವಾರದಲ್ಲಿ ಒಂದು ದಿನ ಕೂರುತ್ತಾರೆ ಅಂದಿದ್ದರು. ಮೊದಲ ವಾರ ಮನಃಶಾಸ್ತ್ರಜ್ಞರು ರಜೆ. ಎರಡನೇ ವಾರ ಅವರಿದ್ದರು, ಸರ್ವರ್ ಇರಲಿಲ್ಲ. ಪ್ರತಿ ಸಲ ಗಿರಣಿಗೆ ರಜೆ, 500-600 ಖರ್ಚು. ಹೊರಡುವ ಮೊದಲು ಫೋನ್ ಮಾಡಿ ಯಾರು ಇದ್ದಾರೆ ಅಂತ ಕೇಳಿ ಹೊರಡಿ. ಫೋನ್ ನಂಬರ್ ಸಿಗದಿದ್ದರೆ ನಿಮ್ಮ ಪಂಚಾಯಿತಿಯ ವಿಆರ್‌ಡಬ್ಲ್ಯೂ ಅವರನ್ನು ಹಿಡಿಯಿರಿ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂತ, ಹೆಚ್ಚಾಗಿ ಅವರೂ ಅಂಗವಿಕಲರೇ ಆಗಿರುತ್ತಾರೆ, ಈ ದಾರಿಯನ್ನು ಸ್ವತಃ ನಡೆದವರು. ನಮ್ಮ ಪಂಚಾಯಿತಿಯಲ್ಲಿ ಒಬ್ಬರಿದ್ದಾರೆ ಅಂತ ನನಗೆ ಗೊತ್ತಾಗಿದ್ದೇ ಎರಡನೇ ವಾರ ಸೋತು ಬಂದ ಮೇಲೆ. ನಮ್ಮ ಓಣಿಯ ಹಿಂದಿನ ಓಣಿಯಲ್ಲೇ ಅವರ ಮನೆ!

ಮೂರನೇ ವಾರ ನಾಲ್ಕು ತಾಸು ಕಾದೆವು. ವರಾಂಡದಲ್ಲಿ ಜನವೋ ಜನ. ಅಪ್ಪು ನೆಲದ ಮೇಲೆ ಮಲಗಿ ತನ್ನ ಚಪ್ಪಲಿ ತಿರುಗಿಸುತ್ತಿದ್ದ, ಬಾಯಲ್ಲಿ ಒಂದೇ ರಾಗ. ಒಬ್ಬ ಅಜ್ಜಿ ನನ್ನ ಹತ್ತಿರ ಬಂದು ಮೆಲ್ಲಗೆ, "ಮೈಯಾಗ ಏನರ ಬಂದೈತೇನವ್ವಾ?" ಅಂದರು. ಇಲ್ಲ ಅಜ್ಜಿ ಅಂದೆ. ಕುಷ್ಟಗಿ ಕಡೆಯ ಇನ್ನೊಬ್ಬ ತಾಯಿ ನೋಡುತ್ತಿದ್ದರು, ಅವರ ಮಗಳೂ ಹೀಗೇ. "ಇಲ್ಲಿ ಗದ್ಲ ಜಾಸ್ತಿ. ಹೊರಗ ಬೇವಿನ ಗಿಡದ ಕೆಳಗ ಕುಂದ್ರು ಹೋಗವಾ ತಂಗಿ, ನಂಬರ್ ಬಂದಾಗ ನಾ ಕೂಗ್ತೀನಿ" ಅಂದರು. ಸರತಿಯಲ್ಲಿ ಪಕ್ಕದವರಿಗೆ ಹೇಳಿ ಹೊರಗೆ ಕೂರಬಹುದು ಅನ್ನುವುದು ನನಗೆ ಅಲ್ಲಿಯ ತನಕ ಹೊಳೆದೇ ಇರಲಿಲ್ಲ.

ಒಳಗೆ ಐಸಾ ಅನ್ನುವ ಅಳತೆ ಹಿಡಿದು ಕೇಳುತ್ತಾರೆ. ಇಂಡಿಯನ್ ಸ್ಕೇಲ್ ಫಾರ್ ಅಸೆಸ್‌ಮೆಂಟ್ ಆಫ್ ಆಟಿಸಂ. 40 ಅಂಶ, ಒಂದೊಂದಕ್ಕೂ 1ರಿಂದ 5 ಅಂಕ. ಕಣ್ಣಿಟ್ಟು ನೋಡುತ್ತಾನಾ, ಕೇಳಿದ ಮಾತನ್ನೇ ತಿರುಗಿ ಹೇಳುತ್ತಾನಾ, ಸದ್ದಿಗೆ ವಾಸನೆಗೆ ಹೇಗಿರುತ್ತಾನೆ, ತನಗೆ ತಾನೇ ಹೊಡೆದುಕೊಳ್ಳುತ್ತಾನಾ, ಒಂದೇ ವಸ್ತು ಹಿಡಿದುಕೊಂಡಿರುತ್ತಾನಾ. ಒಟ್ಟು 70ಕ್ಕಿಂತ ಕಮ್ಮಿ ಬಂದರೆ ಆಟಿಸಂ ಇಲ್ಲ. 70ರಿಂದ 106 ಸೌಮ್ಯ, 107ರಿಂದ 153 ಮಧ್ಯಮ, ಅದರ ಮೇಲೆ ತೀವ್ರ. ಇಲ್ಲಿ ಒಂದು ಮಾತು ಹೇಳಲೇಬೇಕು. ನಾನು ಕೂತವಳೇ ಮಗನನ್ನು ಹೊಗಳಲು ಶುರು ಮಾಡಿದೆ, ವರನ ಕಡೆಯವರಿಗೆ ಹೆಣ್ಣು ತೋರಿಸುವ ಥರ. "ಕರೆದ್ರೆ ನೋಡ್ತಾನೆ ಸರ್", "ಎಲ್ಲಾ ತಿಂತಾನೆ ಸರ್". ಮನಃಶಾಸ್ತ್ರಜ್ಞರು ಪೆನ್ನು ಕೆಳಗಿಟ್ಟು, "ಹತ್ತು ಸಲ ಕರೆದ್ರೆ ಎಷ್ಟು ಸಲ ನೋಡ್ತಾನಮ್ಮಾ?" ಅಂದರು. ಎರಡು ಸಲ ಅಂದೆ. "ಹಂಗ ಹೇಳ್ರಿ" ಅಂದರು. ನೀವೂ ಲೆಕ್ಕದಲ್ಲೇ ಹೇಳಿ. ಮುಚ್ಚಿಟ್ಟರೂ ಹೆಚ್ಚಿಸಿ ಹೇಳಿದರೂ ಮುಂದೆ ತೊಂದರೆ ಮಗುವಿಗೇ. ಅಪ್ಪುಗೆ 112 ಬಂತು. ಕಾರ್ಡಿನಲ್ಲಿ ಶೇಕಡ 70.

ಆಮೇಲೆ ಕಾಯುವುದು. 2024ರ ಅಕ್ಟೋಬರ್‌ನಲ್ಲಿ ನಿಯಮ ಬದಲಾಗಿ, ವೈಕಲ್ಯದ ಪ್ರಮಾಣಪತ್ರ ಕೊಡಲು ಮೊದಲಿದ್ದ 1 ತಿಂಗಳ ಗಡುವು 3 ತಿಂಗಳಾಗಿದೆ. ನಮಗೆ ಅದಕ್ಕಿಂತ ಜಾಸ್ತಿಯೇ ಹಿಡಿಯಿತು. ಕಾರ್ಡು ಅಂಚೆಯಲ್ಲಿ ಬರುವ ಮೊದಲೇ ವೆಬ್‌ಸೈಟಿನಿಂದ ಇಳಿಸಿಕೊಳ್ಳಬಹುದು, ಶಾಲೆಗೆ ಅದೇ ಸಾಕು. ಕಾರ್ಡು ಬಂದ ಮೇಲೆ ನಿರಾಮಯ ವಿಮೆಗೂ ಅರ್ಜಿ ಹಾಕಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನದ್ದು, ವರ್ಷಕ್ಕೆ 1 ಲಕ್ಷದವರೆಗೆ, ಥೆರಪಿ ಖರ್ಚಿಗೂ ಸಿಗುತ್ತದೆ. ಬಿಲ್ಲು ಎಲ್ಲ ಜೋಪಾನ ಮಾಡಿ. ನಾನು ಹೊಸಪೇಟೆಯ ಒಂದು ಬಿಲ್ಲೂ ಇಟ್ಟಿರಲಿಲ್ಲ.

ಕಾರ್ಡಿನ ಓಡಾಟ ನಡೆದಿರುವಾಗಲೇ ಇತ್ತ ಶಾಲೆಯೂ ನಡೆದಿತ್ತು. ನಿಜವಾದ ಕಷ್ಟ ಇದ್ದದ್ದು ಇಲ್ಲೇ.

ಮೊದಲ ತಿಂಗಳು ದಿನಾ ಫೋನ್ ಬರುತ್ತಿತ್ತು. ಓಡಿ ಹೋದ, ಕಚ್ಚಿದ, ಅಳು ನಿಲ್ಲಿಸವಲ್ಲ. ನಾನು ಶಾಲೆಯ ಕಟ್ಟೆಯ ಮೇಲೇ ಕೂತಿರುತ್ತಿದ್ದೆ, ಟಿಫಿನ್ ಕ್ಯಾರಿಯರ್ ಜೊತೆ. ಟೀಚರ್ ಕೆಟ್ಟವರಲ್ಲ. ಒಂದರಿಂದ ಮೂರನೇ ತರಗತಿ ಒಟ್ಟಿಗೆ ಕೂರುವ ನಲಿ-ಕಲಿ, ಒಬ್ಬರೇ ಟೀಚರ್, ಮಕ್ಕಳು ಮೂವತ್ತೊಂದು. ಅವರು ನನ್ನ ಮೇಲೆ ಒಂದು ದಿನವೂ ಸಿಡುಕಲಿಲ್ಲ, ಆದರೆ ಒಂದು ಸಂಜೆ ಕೊಠಡಿ ಬೀಗ ಹಾಕುತ್ತಾ, "ನಂಗ ಏನ್ ಮಾಡಬೇಕಂತನ ತಿಳಿವಲ್ದು ಯಕ್ಕಾ" ಅಂದರು. ಅವರ ಕಣ್ಣಲ್ಲೂ ನೀರಿತ್ತು.

ಬಿಆರ್‌ಸಿ, ಅಂದರೆ ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರದ ಆಫೀಸಿನಲ್ಲಿ ಬಿಐಇಆರ್‌ಟಿ ಅಂತ ಇರುತ್ತಾರೆ. ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿಯೇ ಇರುವ ಶಿಕ್ಷಕರು. ಇಡೀ ತಾಲ್ಲೂಕಿಗೆ ಕೆಲವೇ ಜನ, ಹಾಗಾಗಿ ಅವರು ಬರುವುದನ್ನು ಕಾಯುತ್ತಾ ಕೂರಬೇಡಿ, ನೀವೇ ಹೋಗಿ ಭೇಟಿ ಮಾಡಿ. ನಮ್ಮ ಮೇಡಂ ಮೈಸೂರಿನ ವರದಿ ಪೂರ್ತಿ ಓದಿದರು. ಓದಿ ಮಡಚಿ ವಾಪಸ್ ಕೊಟ್ಟರು. "ಇದು ಡಾಕ್ಟರ್‌ಗೋಳು ಡಾಕ್ಟರ್‌ಗೋಳಿಗೆ ಬರದದ್ದು ರೀ. ಟೀಚರ್‌ಗೆ ಇದರಾಗ ಏನೂ ಸಿಗಂಗಿಲ್ಲ. ನೀವ ಒಂದು ಹಾಳ್ಯಾಗ ಬರದು ಕೊಡ್ರಿ. ಏನಾದ್ರ ಅಳ್ತಾನ, ಅಳಾಕ ಮೊದಲ ಏನ್ ಮಾಡ್ತಾನ, ಹೆಂಗ ಸುಮ್ನಾಗ್ತಾನ. ಒಂದ ಹಾಳಿ, ಜಾಸ್ತಿ ಬ್ಯಾಡ."

ಬರೆಯಲು ಕೂತರೆ ಎರಡು ರಾತ್ರಿ ಬೇಕಾಯಿತು. ಮಗನ ಬಗ್ಗೆ ನನಗೆ ಎಲ್ಲ ಗೊತ್ತು ಅಂದುಕೊಂಡಿದ್ದೆ. ಅಳುವುದು ಗೊತ್ತಿತ್ತು, ಅಳುವ ಮೊದಲು ಏನು ಮಾಡುತ್ತಾನೆ ಅನ್ನುವುದು ಗೊತ್ತಿರಲಿಲ್ಲ. ಮೂರು ದಿನ ಕಟ್ಟೆಯ ಮೇಲೆ ಕೂತು ಬರೀ ಅದನ್ನೇ ನೋಡಿದೆ. ಎಡಗಿವಿಯ ತುದಿ ಹಿಡಿದು ಜಗ್ಗುತ್ತಾನೆ. ಅದಾದ ಐದು ನಿಮಿಷಕ್ಕೆ ಅಳು. ಯಾವಾಗ ಜಗ್ಗುತ್ತಾನೆ ಅಂತ ನೋಡಿದರೆ, ಗಂಟೆ ಹೊಡೆದ ಮೇಲೆ. ನಮ್ಮ ಶಾಲೆಯ ಗಂಟೆ ಅಂದರೆ ಬೇವಿನ ಗಿಡಕ್ಕೆ ನೇತುಹಾಕಿದ ರೈಲು ಹಳಿಯ ತುಂಡು, ಸುತ್ತಿಗೆಯಿಂದ ಹೊಡೆಯುವುದು. ಅಪ್ಪು ಕೂರುತ್ತಿದ್ದದ್ದು ಅದರ ಪಕ್ಕದ ಕಿಟಕಿಗೆ.

ಹಾಳೆಯಲ್ಲಿ ಹೀಗೆ ಬರೆದೆ. ಗಂಟೆ ಸದ್ದಿಗೆ ಹೆದರುತ್ತಾನೆ, ಎರಡು ನಿಮಿಷ ಮೊದಲು ಗೊತ್ತಾದರೆ ಹೆದರಲ್ಲ. ಎಡಗಿವಿ ಹಿಡಿದರೆ ಹೊರಗೆ ಕಟ್ಟೆಗೆ ಕರೆದುಕೊಂಡು ಹೋಗಿ, ಐದು ನಿಮಿಷ ಸಾಕು. ಹಾಲನ್ನು ತನ್ನ ನೀಲಿ ಲೋಟದಲ್ಲಿ ಮಾತ್ರ ಕುಡಿಯುತ್ತಾನೆ. ಬಿಳಿ ಅನ್ನ ತಿನ್ನುತ್ತಾನೆ, ಸಾಂಬಾರು ಮೇಲೆ ಹಾಕಬೇಡಿ, ಪಕ್ಕಕ್ಕೆ ಹಾಕಿ. ಮೊಟ್ಟೆ ಸುಲಿಯುವಾಗ ದೂರ ಕೂರಿಸಿ, ವಾಸನೆಗೆ ವಾಂತಿ ಮಾಡುತ್ತಾನೆ. ಹಿಂದಿನಿಂದ ಮುಟ್ಟಬೇಡಿ. 'ಓಡಬೇಡ' ಅಂದರೆ ತಿಳಿಯಲ್ಲ, 'ಕೂತ್ಕೋ' ಅಂದರೆ ತಿಳಿಯುತ್ತದೆ. ನೀವು ಕೇಳಿದ್ದನ್ನೇ ತಿರುಗಿ ಹೇಳಿದರೆ ಅಣಕಿಸುತ್ತಿಲ್ಲ, ಯೋಚಿಸುತ್ತಿದ್ದಾನೆ.

ಟೀಚರ್ ಅದನ್ನು ಹಾಜರಿ ಪುಸ್ತಕದೊಳಗೆ ಇಟ್ಟುಕೊಂಡರು. ಮರುದಿನ ಅವನ ಜಾಗ ಬದಲಾಯಿತು, ಕಿಟಕಿಯಿಂದ ಒಳಗಿನ ಗೋಡೆಗೆ. ಗಂಟೆಗೆ ಎರಡು ನಿಮಿಷ ಇರುವಾಗ ಟೀಚರ್ ಸೀಮೆಸುಣ್ಣದ ಡಬ್ಬಿಯ ಕೆಂಪು ಮುಚ್ಚಳ ಎತ್ತಿ ಮೇಜಿನ ಮೇಲೆ ನಿಲ್ಲಿಸುತ್ತಿದ್ದರು. ಅದು ಕಂಡರೆ ಗಂಟೆ ಬರುತ್ತದೆ. ಮೊದಲ ವಾರ ಏನೂ ಆಗಲಿಲ್ಲ. ಎರಡನೇ ವಾರ ಮುಚ್ಚಳ ಎದ್ದಾಗ ಅಪ್ಪು ತಾನೇ ಎರಡೂ ಕಿವಿ ಮುಚ್ಚಿಕೊಂಡ. ಗಂಟೆ ಹೊಡೆಯಿತು. ಕೈ ತೆಗೆದ. ಅಷ್ಟೇ. ಅಳಲಿಲ್ಲ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಮೂರನೇ ವಾರ ಅವನ ಪಕ್ಕದ ಹುಡುಗಿಯೂ ಕಿವಿ ಮುಚ್ಚಿದಳು, ಸುಮ್ನೆ, ಆಟಕ್ಕೆ. ತಿಂಗಳು ಮುಗಿಯುವಷ್ಟರಲ್ಲಿ ಮುಚ್ಚಳ ಎದ್ದರೆ ಇಡೀ ಕ್ಲಾಸು ಕಿವಿ ಮುಚ್ಚಿಕೊಂಡು ಕೂರುತ್ತಿತ್ತು. ಹೆಡ್‌ಮಾಸ್ಟರು ಒಂದು ದಿನ ಬಾಗಿಲಲ್ಲಿ ನಿಂತು, ಇದೇನು ನಡೆದಿದೆ ಅಂತ ತಿಳಿಯದೆ ಹಾಗೇ ಹೋದರಂತೆ.

ಎಲ್ಲವೂ ಹೀಗೆ ಸರಿಹೋಯಿತು ಅಂದುಕೊಳ್ಳಬೇಡಿ. ದಿನದ ಕೆಲಸಗಳನ್ನು ಚಿತ್ರದಲ್ಲಿ ಅಂಟಿಸಿ ತೋರಿಸುವ ಪಟ್ಟಿ ಮಾಡಿದೆವು, ಎಲ್ಲರೂ ಅದನ್ನೇ ಹೇಳುತ್ತಾರೆ. ಅವನು ಚಿತ್ರ ಕಿತ್ತು ಸಾಲಾಗಿ ಜೋಡಿಸಿದ. ಮೂರು ಸಲ ಮಾಡಿ ಬಿಟ್ಟೆವು. ಆದರೆ ನಲಿ-ಕಲಿ ಕಾರ್ಡುಗಳ ಮೇಲಿನ ಪ್ರಾಣಿ, ಪಕ್ಷಿಗಳ ಗುರುತು ಅವನಿಗೆ ಬಾಯಿಪಾಠ. ಬೇರೆ ಮಕ್ಕಳು ಕಾರ್ಡು ಹುಡುಕುತ್ತಿದ್ದರೆ ಇವನು ಕೈ ಹಾಕಿ ತೆಗೆದುಕೊಡುತ್ತಾನೆ. ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ ಎದ್ದು ಹೋಗುವುದು ಮಾತ್ರ ಆಗಲಿಲ್ಲ. ಟೀಚರ್ ಅವನನ್ನು ಎಬ್ಬಿಸುವುದು ಬಿಟ್ಟು ಕಾರ್ಡನ್ನೇ ಅವನ ಹತ್ತಿರ ಕಳಿಸತೊಡಗಿದರು. ಓದು ಈಗ ಸರಳ ಪದಗಳವರೆಗೆ ಬಂದಿದೆ. ಲೆಕ್ಕದಲ್ಲಿ ಮುಂದಿದ್ದಾನೆ. ಬರೆಯಲು ಪೆನ್ಸಿಲ್ ಹಿಡಿಯುವುದೇ ಇಲ್ಲ, ಮರಳಲ್ಲಿ ಬೆರಳಿನಿಂದ ಬರೆಯುತ್ತಾನೆ.

ಶಾಲೆಯ ಹೊರಗೂ ಅದೇ ಉಪಾಯ. ಗವಿಮಠದ ಜಾತ್ರೆಗೆ ತೇರಿನ ದಿನ ಕರೆದುಕೊಂಡು ಹೋಗುವುದಿಲ್ಲ, ತೇರು ಎಳೆದ ಮೂರನೇ ದಿನ ಬೆಳಗ್ಗೆ ಹೋಗುತ್ತೇವೆ, ಅಂಗಡಿಗಳು ಇನ್ನೂ ಇರುತ್ತವೆ. ಕಟಿಂಗ್ ಮನೆಯಲ್ಲೇ, ಕತ್ತರಿಯಲ್ಲಿ, ಮಷೀನ್ ಬೇಡ. ಶಿಕ್ಷಣ ಇಲಾಖೆಯಿಂದ ಬರುವ ಸಾರಿಗೆ ಮತ್ತು ಬೆಂಗಾವಲು ಭತ್ಯೆಗೆ ಅರ್ಜಿ ಕೊಟ್ಟಿದ್ದೇವೆ. ಅಪ್ಪುವಿನ ಹೆಸರಲ್ಲೇ ಬ್ಯಾಂಕ್ ಖಾತೆ ಬೇಕು, ಅದಕ್ಕೆ ಆಧಾರ್ ಜೋಡಣೆ ಆಗಿರಬೇಕು. ನಮ್ಮದು ಇನ್ನೂ ಜಮಾ ಆಗಿಲ್ಲ.

ಈ ಜೂನ್‌ನಲ್ಲಿ ನಮ್ಮ ಟೀಚರಿಗೆ ವರ್ಗ ಆಯಿತು. ಸುದ್ದಿ ಕೇಳಿದ ರಾತ್ರಿ ನನಗೆ ನಿದ್ದೆ ಇಲ್ಲ. ಹೊಸದಾಗಿ ಬಂದವರು ಚಿಕ್ಕ ವಯಸ್ಸಿನ ಹುಡುಗ, ಬಳ್ಳಾರಿ ಕಡೆಯವರು. ಮೊದಲ ದಿನವೇ ನನ್ನನ್ನು ಕರೆದು, "ಅದೇನೋ ಹಾಳಿ ಐತಂತಲ್ರಿ ಅಮ್ಮಾ, ನಂಗೂ ಒಂದು ಕೊಡ್ರಿ" ಅಂದರು. ಹಳೆಯದರ ಜೆರಾಕ್ಸ್ ಕೊಟ್ಟರಾಯಿತು ಅಂತ ತೆಗೆದು ನೋಡಿದರೆ ಅರ್ಧ ಸಾಲು ಈಗಿನದಲ್ಲ. ನೀಲಿ ಲೋಟ ಒಡೆದು ನಾಲ್ಕು ತಿಂಗಳಾಯಿತು, ಈಗ ಸ್ಟೀಲ್ ಲೋಟವೂ ನಡೆಯುತ್ತದೆ. ಕಿವಿ ಜಗ್ಗುವುದು ಬಿಟ್ಟಿದ್ದಾನೆ, ಅಂಗಿ ಗುಂಡಿ ಕಚ್ಚುತ್ತಾನೆ. ಗಂಟೆಯ ಸಾಲು ಹೊಡೆದು ಹಾಕಿ, ಮಿಕ್ಸರ್ ಸದ್ದು ಅಂತ ಬರೆದೆ. ಆ ಹಾಳೆಗೆ ಲ್ಯಾಮಿನೇಷನ್ ಮಾಡಿಸಲು ಹೋಗಬೇಡಿ, ದುಡ್ಡು ದಂಡ.

ಮೊಟ್ಟೆಯ ಸಾಲು ಮಾತ್ರ ಹಾಗೇ ಇದೆ.